ಒಂಬತ್ತು ಪಿನ್ನಿನ ಕಿವಿ

ಅಪ್ಪನ ಕಿವಿ ಮಿಷನ್ನನ್ನು ಮೊದಲ ಸಲ ಕಂಪ್ಯೂಟರಿಗೆ ಜೋಡಿಸಿ ಸರಿಮಾಡಿದ ದಿನ ನಾನು ಆ ಕೋಣೆಯಲ್ಲಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಸಕಲೇಶಪುರದ ಒಂದು ಮೆಡಿಕಲ್ ಶಾಪಿನ ಮಹಡಿ. ತಿಂಗಳಿಗೊಮ್ಮೆ ಮಂಗಳೂರು ಕಡೆಯಿಂದ ಕಿವಿ ಪರೀಕ್ಷೆಯ ಮೇಡಂ ಅಲ್ಲಿಗೆ ಬರುತ್ತಾರೆ. ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಲ್ಯಾಪ್‌ಟಾಪ್, ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಪೆಟ್ಟಿಗೆ, ಪೆಟ್ಟಿಗೆಯಿಂದ ಅಪ್ಪನ ಕಿವಿಯ ಹಿಂದಕ್ಕೆ ಹೋದ ತೆಳ್ಳನೆಯ ವೈರು. ಲ್ಯಾಪ್‌ಟಾಪಿನ ಹಿಂಬದಿಯಲ್ಲಿ ಮೇಲೆ ಐದು, ಕೆಳಗೆ ನಾಲ್ಕು ಪಿನ್ನಿರುವ ಪೋರ್ಟ್. ಪೆಟ್ಟಿಗೆಯ ಕೇಬಲ್ಲಿಗೆ ಅಷ್ಟೇ ತೂತು, ಆ ಕಡೆ ಈ ಕಡೆ ಒಂದೊಂದು ಸ್ಕ್ರೂ. ಮೇಡಂ ಪರದೆ ನೋಡುತ್ತ ಸದ್ದಿನ ಮಟ್ಟದ ಒಂದೊಂದೇ ಗೆರೆ ಏರಿಸುತ್ತಿದ್ದರು. ಅಪ್ಪ ಒಂದು ಹಿಡಿ ಒಣ ಕಾಫಿ ಚೆರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಈಗಲೂ ಕಣ್ಣು ಮುಚ್ಚಿದರೆ ಇದೆಲ್ಲ ಕಾಣುತ್ತದೆ. ಕಾಣುತ್ತದೆ ಎನ್ನುವುದೇ ಸಾಕ್ಷಿಯಲ್ಲ ಎಂದು ಈ ವರ್ಷ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಚೆರಿ ಯಾಕೆ ಎಂದು ಮೊದಲು ಹೇಳಬೇಕು. ಅಪ್ಪ ಬಾಳ್ಳುಪೇಟೆಯಿಂದ ಒಳಗೆ ಹೋದರೆ ಸಿಗುವ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು. ಆಳುಗಳ ಹಾಜರಿ, ಅವರು ಇರುವ ಲೈನಿನ ಮನೆಗಳು, ಸ್ಟೋರು, ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ನಿವೃತ್ತಿಯಾದ ಮೇಲೆ ಆಲೂರಿನಲ್ಲಿ ನನ್ನ ಜೊತೆಗಿದ್ದಾರೆ. ನಾನು ಇಲ್ಲಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಆದರೆ ರೋಬಸ್ಟಾ ಒಣಗುವ ಕಾಲ ಬಂತೆಂದರೆ ಎಸ್ಟೇಟಿನ ಯಜಮಾನರು ಈಗಲೂ ಅವರನ್ನು ಕರೆಸಿಕೊಳ್ಳುತ್ತಾರೆ. ಕಣದಲ್ಲಿ ಹರಡಿದ ಹಣ್ಣು ಬಿಸಿಲಿಗೆ ಕಪ್ಪಾಗಿ ಚೆರಿಯಾಗುತ್ತದೆ. ಅದು ಚೀಲಕ್ಕೆ ತುಂಬುವಷ್ಟು ಒಣಗಿತೋ ಇಲ್ಲವೋ ಎಂದು ತಿಳಿಯಲು ನಮ್ಮ ಕಡೆ ಇರುವ ಕ್ರಮ ಸರಳ. ರಾಶಿಯಿಂದ ಒಂದು ಹಿಡಿ ತೆಗೆದು, ಮುಷ್ಟಿಯನ್ನು ಸ್ವಲ್ಪ ಸಡಿಲ ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸುವುದು. ಬೀಜ ಸಿಪ್ಪೆಯಿಂದ ಬಿಟ್ಟುಕೊಂಡಿದ್ದರೆ ಗಲಗಲ ಎನ್ನುತ್ತದೆ. ಹಸಿ ಇದ್ದರೆ ಮೊದ್ದು ಸದ್ದು. ತೇವ ಅಳೆಯುವ ಮೀಟರು ಸ್ಟೋರಿನಲ್ಲಿ ಇದೆ. ಅದಕ್ಕೆ ಸಿಪ್ಪೆ ತೆಗೆದ ಬೀಜ ಬೇಕು; ಹಾಗಾಗಿ ಕಣದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅಪ್ಪ ತುಂಬಿ ಎಂದರೆ ಚೀಲಕ್ಕೆ, ಇಲ್ಲವೆಂದರೆ ಇನ್ನೊಂದು ಬಿಸಿಲಿಗೆ. ಹಾಜರಿ ಪುಸ್ತಕ, ಸ್ಟೋರಿನ ಬೀಗದ ಕೈ ಎಲ್ಲ ಬೇರೆಯವರ ಪಾಲಾದ ಮೇಲೂ ಅಪ್ಪನ ಹತ್ತಿರ ಉಳಿದಿದ್ದು ಈ ಒಂದು ಮಾತು.

ಅವರ ಕಿವಿ ಮಂದವಾದಾಗ ಮೇಡಂ ಕೊಟ್ಟ ಮಿಷನ್ನಿನಲ್ಲಿ ಎರಡು ಪ್ರೋಗ್ರಾಂ ಇದ್ದವು. ಒಂದು ಮನುಷ್ಯರ ಮಾತಿಗೆ. ಇನ್ನೊಂದನ್ನು ಮೇಡಂ ಚೆರಿಯ ಸದ್ದಿಗೆಂದೇ ಮಾಡಿಕೊಟ್ಟಿದ್ದರು. ಕಿವಿಯ ಹಿಂದೆ ಒಂದು ಗುಂಡಿ ಒತ್ತಿದರೆ ಅದಕ್ಕೆ ಬದಲಾಗುತ್ತದೆ. ಅಪ್ಪ ರಾಶಿಯ ಮುಂದೆ ನಿಂತು ಕಿವಿಯ ಹಿಂದಕ್ಕೆ ಕೈ ಹಾಕಿದರೆ ಕಣದ ಹೆಂಗಸರು ನಗುತ್ತಿದ್ದರು. ಅವರಲ್ಲಿ ಹಿರಿಯಳು, ಅಪ್ಪ ಎಸ್ಟೇಟಿಗೆ ಸೇರಿದ ಕಾಲದಿಂದ ಅಲ್ಲೇ ಕಾಫಿ ಹರಡುತ್ತಿದ್ದವಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ. “ರೈಟ್ರು ರೇಡಿಯೋ ಟೇಷನ್ ತಿರುಗಿಸ್ತಾವ್ರೆ, ಸುಮ್ಕಿರ್ರೇ. ಇವಾಗ ವಾರ್ತೆ ಬತ್ತದೆ,” ಎನ್ನುತ್ತಿದ್ದಳು. ಅಪ್ಪನಿಗೆ ಆ ಮಾತೂ ಕೇಳಿಸುತ್ತಿತ್ತು. ಕೇಳಿಸದ ಹಾಗೆ ಇರುತ್ತಿದ್ದರು.

ಕಂಪ್ಯೂಟರುಗಳ ಬೆನ್ನ ಹಿಂದಿನ ತೂತುಗಳ ಬಗ್ಗೆ ನಾನು ಈ ವರ್ಷದವರೆಗೆ ಯೋಚಿಸಿದವಳೇ ಅಲ್ಲ. ಕಾಲೇಜಿಗೆ ಮೊದಲ ಕಂಪ್ಯೂಟರು ಬಂದಾಗ ವೈರುಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೂ ಬಂದಿತ್ತು. ಕೀಬೋರ್ಡಿಗೆ ಒಂದು ದುಂಡನೆಯ ಪೋರ್ಟ್, ಮೌಸಿಗೆ ಅಂಥದ್ದೇ ಇನ್ನೊಂದು, ಬಣ್ಣ ಮಾತ್ರ ಬೇರೆ. ಪ್ರಿಂಟರಿಗೆ ಅಗಲವಾದದ್ದು, ಪರದೆಗೆ ನೀಲಿ ಬಣ್ಣದ್ದು. ಒಂದು ವೈರಿಗೆ ಒಂದೇ ಜಾಗ, ಅದೂ ಒಂದೇ ದಿಕ್ಕಿನಲ್ಲಿ. ತಪ್ಪಾಗಿ ಒತ್ತಿದರೆ ಪಿನ್ನು ಬಗ್ಗುತ್ತಿತ್ತು, ಸೂಜಿಯಿಂದ ನೆಟ್ಟಗೆ ಮಾಡುತ್ತಿದ್ದೆವು. ಕೀಬೋರ್ಡಿನದು ಹಸಿರು, ಮೌಸಿನದು ನೇರಳೆ ಎಂದು ಮೊನ್ನೆ ನೆನಪಿನಿಂದ ದಿನಚರಿಯಲ್ಲಿ ಬರೆದೆ. ಆಮೇಲೆ ಕಾಲೇಜಿನ ಉಗ್ರಾಣದಲ್ಲಿ ಉಳಿದಿದ್ದ ಒಂದು ಹಳೆಯ ಕೀಬೋರ್ಡ್ ನೋಡಿದರೆ ಅದರ ತುದಿ ನೇರಳೆ. ದಿನವೂ ಕೈಯಲ್ಲಿ ಹಿಡಿದಿದ್ದರ ಬಣ್ಣವನ್ನೇ ತಿರುಗುಮುರುಗು ಮಾಡಿಕೊಂಡವಳು ಬೇರೆಯದನ್ನು ಹೇಗೆ ನೆನಪಿಟ್ಟಿರಬಹುದು?

ಆ ಹಳೆಯ ಪೋರ್ಟುಗಳು ಯಾವಾಗ ಹೋದವು ಎಂದೂ ನನಗೆ ಗೊತ್ತಿಲ್ಲ. ಯಾವ ವರ್ಷವೂ ಇವತ್ತಿನಿಂದ ಇಲ್ಲ ಎಂದು ಯಾರೂ ಹೇಳಲಿಲ್ಲ. ಪ್ರತಿ ಹೊಸ ಕಂಪ್ಯೂಟರಿನಲ್ಲೂ ಒಂದೊಂದು ತೂತು ಕಡಿಮೆ ಇತ್ತು, ಅಷ್ಟೆ. ಚಪ್ಪಟೆ ಬಾಯಿಯ ಯುಎಸ್‌ಬಿ ಎಲ್ಲರ ಜಾಗ ಹಿಡಿಯಿತು. ಈಗ ಅದಕ್ಕಿಂತ ಸಣ್ಣ ಬಾಯಿ, ಹೇಗೆ ಹಾಕಿದರೂ ಕೂರುತ್ತದೆ. ನಮಗೆ ಒಳ್ಳೆಯದೇ ಆಯಿತು. ಸೂಜಿ ಹುಡುಕುವ ಕೆಲಸ ತಪ್ಪಿತು.

ಈ ವರ್ಷ ಕೊಯ್ಲಿಗೆ ಮುಂಚೆ ಅಪ್ಪನ ಮಿಷನ್ ಬೆವರಿಗೆ ಕೆಟ್ಟು ರಿಪೇರಿಗೆ ಹೋಯಿತು. ಬಂದಾಗ ಕೆಲಸ ಮಾಡುತ್ತಿತ್ತು, ಆದರೆ ಒಳಗೆ ಕೂಡಿಸಿಟ್ಟಿದ್ದೆಲ್ಲ ಅಳಿಸಿಹೋಗಿ ಅಂಗಡಿಯಲ್ಲಿ ಕೊಳ್ಳುವಾಗ ಇರುವ ಹಾಗಾಗಿತ್ತು. ಚೆರಿಯ ಪ್ರೋಗ್ರಾಂ ಇರಲಿಲ್ಲ. ಮತ್ತೆ ಕೂಡಿಸಿದರಾಯಿತು ಎಂದು ಸಕಲೇಶಪುರಕ್ಕೆ ಹೋದೆವು. ಮೇಡಂ ಎದುರು ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಇತ್ತು. ಹಳೆಯದು ಸತ್ತುಹೋಗಿ ಒಂದು ವರ್ಷವಾಯಿತಂತೆ.

“ಎಂತ ಮಾಡುದು ಮಾರಾಯ್ರೇ,” ಎಂದರು. “ಪೆಟ್ಟಿಗೆ ಉಂಟು, ಕೇಬಲ್ ಉಂಟು. ಹಾಕ್ಲಿಕ್ಕೆ ಜಾಗವೇ ಇಲ್ಲ.”

ಯುಎಸ್‌ಬಿಗೆ ಸಿಕ್ಕಿಸುವ ಕನ್ವರ್ಟರನ್ನೂ ಅವರು ತರಿಸಿ ನೋಡಿದ್ದರು. ಲ್ಯಾಪ್‌ಟಾಪಿಗೆ ಕನ್ವರ್ಟರ್ ಕಾಣುತ್ತಿತ್ತು, ಅದರಾಚೆ ಪೆಟ್ಟಿಗೆ ಇದೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಹೊಸ ಮಿಷನ್ನುಗಳಿಗೆ ವೈರೇ ಬೇಡ, ಗಾಳಿಯಲ್ಲೇ ಮಾತಾಡಿಕೊಳ್ಳುತ್ತವೆ. ಹಾಗಾಗಿ ಒಂದು ಹೊಸದನ್ನು ಪರೀಕ್ಷೆಗೆಂದು ಅಪ್ಪನ ಕಿವಿಗೆ ಹಾಕಿ ಕಳಿಸಿದರು. ಕಿವಿ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿದರು. ಆ ಹಾಳೆಯ ಬಗ್ಗೆ ಏನೋ ಹೇಳಿದರು, ನಾನು ಕೇಬಲ್ಲಿನ ಚಿಂತೆಯಲ್ಲಿದ್ದೆ.

ಹೊಸ ಮಿಷನ್ನಿನಲ್ಲಿ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಕೂತರೂ ನಾನು ಹೇಳಿದ್ದು ತಿಳಿಯುತ್ತಿತ್ತು. ಆದರೆ ಅದು ತಟ್ಟೆ ಲೋಟದ ಸದ್ದು, ಕಾಗದದ ಪರಪರ, ಇಂಥವನ್ನೆಲ್ಲ ಗಲಾಟೆ ಎಂದು ತಾನೇ ತೀರ್ಮಾನಿಸಿ ತಗ್ಗಿಸುತ್ತದೆ. ಚೆರಿಯ ಗಲಗಲವೂ ಅದರ ಲೆಕ್ಕದಲ್ಲಿ ಗಲಾಟೆಯೇ. ಮೇಡಂ ಆ ತಗ್ಗಿಸುವುದನ್ನು ನಿಲ್ಲಿಸಿ ನೋಡಿದರು. ಹಾಗೆ ಹಾಕಿಕೊಂಡು ಕಣಕ್ಕೆ ಹೋದರೆ ಪ್ಲಾಸ್ಟಿಕ್ ಹಾಳೆ, ಮರದ ಹಲಗೆಯಿಂದ ಕಾಫಿ ಎಳೆಯುವ ಸದ್ದು, ಎಲ್ಲ ಒಟ್ಟಿಗೆ ನುಗ್ಗಿ ಅಪ್ಪ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ಒಂದು ಭಾನುವಾರ ನಾನೂ ಎಸ್ಟೇಟಿಗೆ ಹೋಗಿದ್ದೆ. ಈಗಿನ ರೈಟರ್, ಮೂವತ್ತು ದಾಟದ ಹುಡುಗ, ನನ್ನನ್ನು ಸ್ಟೋರಿನ ಮರೆಗೆ ಕರೆದು ವಿಷಯ ಹೇಳಿದ. ಕಣದ ಎದುರಿಗಿರುವ ರಾಶಿ ಒಣಗಿ ಕಾಲಿಟ್ಟರೆ ಸಿಪ್ಪೆ ಪಟಪಟ ಒಡೆಯುತ್ತಿದೆ. ಅಪ್ಪ ಮಾತ್ರ ದಿನವೂ ಅಲ್ಲಾಡಿಸಿ ಇನ್ನೂ ಆಗಿಲ್ಲ ಎನ್ನುತ್ತಾರೆ. ಘಟ್ಟದ ಕಡೆ ಮೋಡ ಕಟ್ಟುತ್ತಿದೆ. ಎಡಕುಮೇರಿಯಲ್ಲಿ ಆಗಲೇ ನಾಲ್ಕು ಹನಿ ಬಿತ್ತಂತೆ. ಕಣದ ಮೇಲೆ ಮಳೆ ಬಿದ್ದರೆ ಎಲ್ಲ ಮತ್ತೆ ಮೊದಲಿಂದ.

“ನೀವೇ ಒಂದು ಮಾತು ಹೇಳಿ ಮೇಡಂ. ನಾವು ಹೇಳಿದ್ರೆ ಅವರಿಗೆ ಬೇಜಾರಾಗ್ತದೆ.”

ನಾನು ಒಂದು ಹಿಡಿ ತೆಗೆದು ಅಲ್ಲಾಡಿಸಿದೆ. ನನ್ನ ಕಿವಿಗೆ ಚೆನ್ನಾಗಿಯೇ ಗಲಗಲ ಅಂದಿತು. ಅಪ್ಪನಿಗೆ ಹಾಗೆಂದು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

“ನಿಂಗೆ ಕೇಳ್ತೈತೆ. ಹೇಳ್ಬೇಕಾದೋನು ನಾನಲ್ವ,” ಎಂದರು.

ಆಮೇಲೆ ಆದದ್ದನ್ನು ನಾನು ನೋಡಿಲ್ಲ, ರೈಟರ್ ಫೋನಿನಲ್ಲಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಮಾರನೆಯ ದಿನ ಅಪ್ಪ ಆ ಒಣಗಿದ ರಾಶಿಗೆ ತುಂಬಿ ಎಂದರು. ಅದೇ ಉಸಿರಿನಲ್ಲಿ ಪಕ್ಕದ ರಾಶಿಗೂ ತುಂಬಿ ಎಂದರು. ಅದು ಸಿಲ್ವರ್ ಮರದ ನೆರಳು ಬೀಳುವ ಮೂಲೆಯದು, ಒಣಗಿರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಹಳೆಯ ರೈಟ್ರ ಮಾತಿಗೆ ಎದುರು ಹೇಳಿ ಯಾರಿಗೂ ರೂಢಿಯಿಲ್ಲ. ತುಂಬಿದರು. ಎರಡು ದಿನದಲ್ಲಿ ಸ್ಟೋರಿನ ಆ ಚೀಲಗಳಿಗೆ ಕೈ ಇಟ್ಟರೆ ಬೆಚ್ಚಗಿತ್ತು, ಬೂಷ್ಟಿನ ವಾಸನೆ. ಅಪ್ಪ ಬರುವ ಬಸ್ಸಿಗೆ ಮುಂಚೆಯೇ ರೈಟರ್ ಅವನ್ನು ಹೊರಗೆ ಸುರಿಸಿ ಹರಡಿಸಿದ. ಯಾರೂ ಬಾಯಿ ಬಿಡಲಿಲ್ಲ. ಆದರೆ ರೈಟರಾಗಿದ್ದವರಿಗೆ ಸ್ಟೋರಿನಲ್ಲಿ ಎಷ್ಟು ಚೀಲ ಇರಬೇಕು ಎಂದು ಯಾರೂ ಹೇಳಬೇಕಾಗಿಲ್ಲ.

ಅವತ್ತು ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ, “ನಾಳೆಯಿಂದ ಬರಕಿಲ್ಲ ಅಂತ ಯಜಮಾನ್ರಿಗೆ ಹೇಳ್ಬುಡು,” ಎಂದರು.

ನಾನು ಹೇಳಲಿಲ್ಲ. ಅಪ್ಪನಿಗೆ ಜ್ವರ ಎಂದು ಸುಳ್ಳು ಹೇಳಿ ಪೋರ್ಟ್ ಹುಡುಕಲು ಹೊರಟೆ. ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಆ ಒಂಬತ್ತು ಪಿನ್ನು ಸಿಕ್ಕರೆ ಅಪ್ಪನ ಮಾತು ಅಪ್ಪನಿಗೆ ವಾಪಸು ಸಿಗುತ್ತದೆ. ಆಲೂರಿನಲ್ಲಿ ಹಿಂದೆ ಇಂಟರ್ನೆಟ್ ಅಂಗಡಿ ಇದ್ದಲ್ಲಿ ಈಗ ಪಹಣಿ ತೆಗೆದುಕೊಡುತ್ತಾರೆ, ಕಂಪ್ಯೂಟರೆಲ್ಲ ಹೊಸದು. ನಮ್ಮ ಕಾಲೇಜಿನ ಹಳೆಯವು ಗುಜರಿಗೆ ಹೋಗಿದ್ದವು. ಕುಂದೂರಿನ ಕಡೆ ಒಂದು ಶಾಲೆಯಲ್ಲಿ ಒಂದಿದೆ ಎಂದು ಹೋದರೆ ಪೋರ್ಟ್ ಇತ್ತು, ಕರೆಂಟು ಕೊಟ್ಟರೆ ಕಂಪ್ಯೂಟರು ಏಳಲಿಲ್ಲ. ಕೊನೆಗೆ ದಾರಿ ಹೇಳಿದವನು ಆ ರೈಟರೇ. ಕಾಫಿ ಲಾರಿ ತೂಕ ಮಾಡಿಸಲು ಅವನು ಬಾಳ್ಳುಪೇಟೆಯ ವೇಬ್ರಿಡ್ಜಿಗೆ ಹೋಗುತ್ತಾನೆ. ಲಾರಿಯ ತೂಕ ತೋರಿಸುವ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವ ವೈರು ಅಲ್ಲಿ ಇನ್ನೂ ಹಳೆಯ ಥರದ್ದೇ, ಎರಡು ಕಡೆ ಸ್ಕ್ರೂ ಇರುವುದು.

ವೇಬ್ರಿಡ್ಜ್ ನಡೆಸುವವರು ಬಾಳ್ಳುಪೇಟೆಯ ಒಬ್ಬ ಸಾಬರು. ಅವರ ತಂದೆಯ ಕಾಲದಿಂದ ಲಾರಿಯ ವ್ಯವಹಾರ, ಅಪ್ಪನ ಪರಿಚಯವೂ ಉಂಟು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಅಲ್ಲ ಮೇಡಂ, ರೈಟ್ರ ಕಿವೀನ ವೇಬ್ರಿಡ್ಜಿಗೆ ತರ್ತೀನಿ ಅಂತೀರಲ್ಲ. ಲೋಡು ಎಷ್ಟೈತೆ?”

ಹಾಗೆಂದರೂ ಒಪ್ಪಿಕೊಂಡರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಲಾರಿ ಕಡಿಮೆ, ಆಗ ವೈರು ಬಿಚ್ಚಿಕೊಡುತ್ತೇನೆ ಎಂದರು. ಈ ಕಂಪ್ಯೂಟರನ್ನು ಯಾಕೆ ಬದಲಿಸಿಲ್ಲ ಎಂದು ಕೇಳಿದೆ. ಅದನ್ನು ಬದಲಿಸಿದರೆ ತೂಕದ ಪೆಟ್ಟಿಗೆ ಬದಲಿಸಬೇಕು, ಪೆಟ್ಟಿಗೆ ಬದಲಿಸಿದರೆ ತೂಕ ಅಳತೆ ಇಲಾಖೆಯವರಿಂದ ಮತ್ತೆ ಮುದ್ರೆ ಹಾಕಿಸಬೇಕು, ನಡೆಯುವಷ್ಟು ದಿನ ನಡೆಯಲಿ ಎಂದರು.

ಅದೇ ವಾರ ಮೇಡಂ ಸಕಲೇಶಪುರಕ್ಕೆ ಬಂದ ದಿನ ಬಾಳ್ಳುಪೇಟೆಯವರೆಗೂ ಬಂದರು. ಬೂದು ಪೆಟ್ಟಿಗೆ, ಕೇಬಲ್, ಹಳೆಯ ಸಾಫ್ಟ್‌ವೇರಿನ ಸಿ.ಡಿ. ಎಲ್ಲ ಒಂದು ಬಟ್ಟೆಯ ಚೀಲದಲ್ಲಿ. ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಕೊನೆಗೆ ಬಂದರು, ಪ್ಯಾಂಟಿನ ಜೇಬಿನಲ್ಲಿ ಒಣ ಚೆರಿ ತುಂಬಿಕೊಂಡು. ಗೋಡೆಯ ತುಂಬ ಲಾರಿ ನಂಬರು ಗೀಚಿದ ಆ ಪುಟ್ಟ ಕೋಣೆಯಲ್ಲಿ ತೂಕದ ವೈರಿನ ಸ್ಕ್ರೂ ಬಿಚ್ಚಿ ಕಿವಿಯ ವೈರಿನ ಸ್ಕ್ರೂ ಬಿಗಿಸಿದರು. ಪರದೆಯ ಮೇಲೆ ಹಳೆಯ ಮಿಷನ್ನಿನ ಚಿತ್ರ ಮೂಡಿದಾಗ ಮೇಡಂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಜಲ್ಲಿ ಲಾರಿಯೊಂದು ಬಂದು ನಿಂತಿತು. ಸಾಬರು ಹೊರಗೆ ಹೋಗಿ ಇಂಜಿನ್ ಆಫ್ ಮಾಡಿಸಿದರು. ಒಳಗೆ ಒಬ್ಬರ ಕಿವಿ ರಿಪೇರಿ ನಡೆದಿದೆ ಎಂದರೆ ಡ್ರೈವರ್ ನಂಬದೆ ಕಿಟಕಿಯಲ್ಲಿ ಇಣುಕಿ ನೋಡಿದ.

ಮೇಡಂ ಒಂದೊಂದೇ ಗೆರೆ ಏರಿಸಿದರು. ಅಪ್ಪ ಅಲ್ಲಾಡಿಸಿದರು. ಮೊದಲ ದಿನ ಸಕಲೇಶಪುರದಲ್ಲೂ ಹೀಗೇ ಇತ್ತಲ್ಲ, ನಾನು ಈ ಪಕ್ಕದಲ್ಲಿ ಕೂತಿದ್ದೆ ಎಂದೆ.

ಮೇಡಂ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಇಲ್ಲ, ನೀವು ಬರ್ಲಿಲ್ಲ. ಅವತ್ತು ಬಂದದ್ದು ನಿಮ್ಮ ಅಮ್ಮ.”

“ಅವಳೇ ಚೆರಿ ತಂದಿದ್ದು,” ಎಂದರು ಅಪ್ಪ. “ಸೆರಗಿನ ತುದೀಲಿ ಕಟ್ಕೊಂಡು.”

ಅಮ್ಮ ತೀರಿಕೊಂಡು ನಾಲ್ಕೈದು ವರ್ಷವಾಯಿತು. ಅವತ್ತು ಮನೆಗೆ ಬಂದು ಅಮ್ಮ ನನಗೆ ಎಲ್ಲ ಹೇಳಿರಬೇಕು. ಅದನ್ನು ನಾನು ನನ್ನ ಕಣ್ಣಿಗೆ ಹಾಕಿಕೊಂಡು, ಹೇಳಿದವಳನ್ನೇ ಚಿತ್ರದಿಂದ ತೆಗೆದುಬಿಟ್ಟಿದ್ದೆ. ಸಾಕ್ಷಿಯನ್ನು ಹೇಗೆ ನಂಬಬೇಕು ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು.

ಅಪ್ಪ ಇನ್ನೊಂದು ಸಲ ಅಲ್ಲಾಡಿಸಿದರು. ಮುಷ್ಟಿಯನ್ನು ದೂರ ಹಿಡಿದರು, ಹತ್ತಿರ ತಂದರು. ಕಣ್ಣು ಮುಚ್ಚಿದರು.

“ಏನೋ ಬತ್ತೈತೆ. ಅದಲ್ಲ,” ಎಂದರು.

ಇನ್ನಷ್ಟು ಏರಿಸಲು ಕೇಳಿದೆ. ಮೇಡಂ ಮೌಸ್ ಬಿಟ್ಟರು. ಮಿಷನ್ ಹೋಗುವಷ್ಟು ಮೇಲೆ ಹೋಗಿ ಆಯಿತು ಎಂದರು. ಚೆರಿಯ ಸದ್ದು ತೀಕ್ಷ್ಣವಾದದ್ದು. ಅಂಥದ್ದನ್ನು ಹಿಡಿಯುವ ಭಾಗವೇ ಅಪ್ಪನ ಕಿವಿಯಲ್ಲಿ ಈ ಒಂದೆರಡು ವರ್ಷದಲ್ಲಿ ಬಹಳ ಇಳಿದಿದೆ. ಹಿಂದಿನ ಸಲವೇ ಹಾಳೆ ತೋರಿಸಿ ಹೇಳಿದ್ದೆ, ನೀವು ಪೋರ್ಟಿನ ಮಾತೇ ಆಡುತ್ತಿದ್ದಿರಿ ಎಂದರು. ದೂರಿದ ಹಾಗಿರಲಿಲ್ಲ. ಈ ಪೋರ್ಟ್ ಮೊದಲೇ ಸಿಕ್ಕಿದ್ದರೂ ಇಷ್ಟೇ ಎಂದರು.

ವೈರನ್ನು ಮತ್ತೆ ತೂಕದ ಪೆಟ್ಟಿಗೆಗೆ ಸಿಕ್ಕಿಸಿದರು. ಸಾಬರು ಚಹಾ ತರಿಸಿದರು. ಅಪ್ಪ ಜೇಬಿನ ಚೆರಿಯನ್ನೆಲ್ಲ ಹೊರಗೆ ಚೆಲ್ಲಿ ಬಂದರು. ಬಸ್ಸಿನಲ್ಲಿ ನಾನು ಅವರ ‘ಅದಲ್ಲ’ ಎಂಬ ಮಾತನ್ನೇ ಯೋಚಿಸುತ್ತಿದ್ದೆ. ಅವರಿಗೆ ನೆನಪಿರುವ ಆ ಸದ್ದು ಯಾವ ಕಾಲದ್ದು? ಕಿವಿ ಪೂರ್ತಿ ಸರಿಯಿದ್ದಾಗಿನದೋ, ಅಮ್ಮ ಚೆರಿ ತಂದ ದಿನ ಬೂದು ಪೆಟ್ಟಿಗೆ ಕಲಿಸಿಕೊಟ್ಟದ್ದೋ? ಕೇಳಿದ್ದರೂ ಅವರು ಹೇಳುವ ಉತ್ತರಕ್ಕೆ ನಾನು ಎಷ್ಟು ಬೆಲೆ ಕೊಡುತ್ತಿದ್ದೆನೋ, ನನ್ನ ಚಿತ್ರದ ಗತಿಯೇ ಹಾಗಿದ್ದಾಗ.

ಮಾರನೆಯ ದಿನ ರಜೆ. ಅಪ್ಪ ಬೆಳಿಗ್ಗೆಯೇ ಹೊಸ ಮಿಷನ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಸ್ಟೇಟಿಗೆ ಹೋಗಬೇಕು, ನೀನೂ ಬಾ ಎಂದರು. ಯಜಮಾನರಿಗೆ ಎದುರಲ್ಲೇ ಹೇಳಿ ಬಿಡಿಸಿಕೊಳ್ಳಲು ಹೊರಟಿದ್ದಾರೆ ಎಂದುಕೊಂಡೆ. ಮುಂದಿನದನ್ನು ಅಲ್ಲೇ ಸ್ಟೋರಿನ ಮೆಟ್ಟಿಲ ಮೇಲೆ ಕೂತು, ಮಾತು ಮರೆಯುವ ಮೊದಲು ಬರೆದುಕೊಂಡೆ.

ಅಪ್ಪ ಯಜಮಾನರ ಬಂಗಲೆಯ ಕಡೆ ಹೋಗಲಿಲ್ಲ. ನೇರ ಕಣಕ್ಕೆ ಇಳಿದರು. ಚೀಲದಿಂದ ಸುರಿಸಿ ಮತ್ತೆ ಹರಡಿದ್ದ ಆ ಕಾಫಿಯ ಮುಂದೆ ನಿಂತರು. ಹೆಂಗಸರು ಹಲಗೆ ಎಳೆಯುವುದನ್ನು ನಿಲ್ಲಿಸಿದರು. ಅಪ್ಪ ಬಗ್ಗಿ ಒಂದು ಹಿಡಿ ತೆಗೆದು, ದೊಡ್ಡಕ್ಕನ ಹತ್ತಿರ ಹೋಗಿ, ಅವಳ ಕಿವಿಯ ಪಕ್ಕ ಮುಷ್ಟಿ ಹಿಡಿದು ಅಲ್ಲಾಡಿಸಿದರು.

“ಏನ್ ಕೇಳ್ತೈತೆ ಹೇಳು.”

ದೊಡ್ಡಕ್ಕ ಹಿಂದೆ ಸರಿದಳು. “ನಾನ್ ಹೇಳಿದ್ರೆ ನಡೀತದಾ ರೈಟ್ರೇ?”

“ನಡೀತೈತೆ. ನಂಗೆ ಕೇಳಕಿಲ್ಲ.”

ಎಲ್ಲರಿಗೂ ಗೊತ್ತಿದ್ದ ಮಾತೇ. ದೊಡ್ಡಕ್ಕ ತಲೆಯ ಬಟ್ಟೆಯನ್ನು ಕಿವಿಯಿಂದ ಸರಿಸಿಕೊಂಡಳು.

“ಕೈ ಸಡ್ಲ ಮಾಡ್ರಿ, ಕತ್ತು ಹಿಸುಕ್ದಂಗೆ ಹಿಡ್ದಿದ್ದೀರಿ,” ಎಂದಳು. ಅಪ್ಪ ಸಡಿಲ ಮಾಡಿ ಮತ್ತೆ ಅಲ್ಲಾಡಿಸಿದರು. “ಇದು ಆಗೈತೆ.”

“ತುಂಬ್ರಿ,” ಎಂದರು ಅಪ್ಪ.

ಎರಡನೆಯ ರಾಶಿಯಲ್ಲಿ ಅವಳು ಬಹಳ ಹೊತ್ತು ಕೇಳಿದಳು. ಆಗಿಲ್ಲ, ಇನ್ನೊಂದು ಬಿಸಿಲು ಬೇಕು ಎಂದಳು. ಅಪ್ಪ ಚೆರಿಯನ್ನು ಅಂಗೈಯಲ್ಲಿ ಹೊರಳಿಸಿ, ಆಕಾಶ ನೋಡಿ, ಕೈಗೆ ಆಗಿದೆ ಅನ್ನಿಸುತ್ತದಲ್ಲ, ಮೋಡ ಬೇರೆ ಇದೆ ಎಂದು ಎಳೆದರು.

“ಕೈಗೆ ಅನ್ಸೋದಾದ್ರೆ ನನ್ನ್ಯಾಕೆ ಕೇಳಿದ್ರಿ?”

ಕಣದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಅವಳನ್ನೇ ನೋಡುತ್ತ ನಿಂತರು. ಅಷ್ಟು ವರ್ಷದಲ್ಲಿ ಅವರ ಮಾತಿಗೆ ಅಡ್ಡ ಹೇಳಿದವರಿಲ್ಲ. ಹಿಡಿಯಲ್ಲಿದ್ದ ಚೆರಿಯನ್ನು ರಾಶಿಗೆ ಹಾಕಿ ಕೈ ಕೊಡವಿದರು.

“ಹಂಗಾರೆ ಹರಡ್ರಿ,” ಎಂದರು.

ದೊಡ್ಡಕ್ಕ ಆಗಲೇ ಮೂರನೆಯ ರಾಶಿಯ ಹತ್ತಿರ ಹೋಗಿ ನಿಂತಿದ್ದಳು. ತಾನಾಗಿ ಬಗ್ಗಲಿಲ್ಲ. ಅಪ್ಪ ಬಂದು ಹಿಡಿ ತುಂಬಿಕೊಳ್ಳುವವರೆಗೆ ಕಾದಳು.